ಅಗಸಿ ಓಣಿಯ ಗಾಳಿ

ಹೊನ್ನದಿನ್ನಿಯ ಗಣಿಯಿಂದ ಕೊನೆಯ ತೊಲ ಬಂಗಾರ ತೆಗೆದು ಮೂವತ್ತೆರಡು ವರ್ಷ ಆದಮೇಲೆ ಜನ ಮತ್ತೆ ಅದರೊಳಗೆ ಇಳಿದರು. ಈ ಸಲ ಕೂಲಿಗಾಗಿ ಅಲ್ಲ, ತಂಪಿಗಾಗಿ. ಮಾರ್ಚ್ ಮುಗಿಯುವಷ್ಟರಲ್ಲಿ ಎಡೆದೊರೆ ನಾಡಿನ ಬಿಸಿಲು ಐವತ್ತು ಡಿಗ್ರಿ ಮುಟ್ಟುತ್ತಿತ್ತು. ಸೂರ್ಯ ಮುಳುಗಿದ ಮೇಲೂ ಮನೆಯ ಗೋಡೆಗಳು ಆರುತ್ತಿರಲಿಲ್ಲ. ನೆಲದಿಂದ ಇನ್ನೂರು ಅಡಿ ಕೆಳಗೆ ಮಾತ್ರ ಬಂಡೆ ಎಲ್ಲ ಕಾಲಕ್ಕೂ ಇಪ್ಪತ್ತೊಂಬತ್ತು ಡಿಗ್ರಿಯಲ್ಲೇ ಇರುತ್ತಿತ್ತು. ಅದಕ್ಕೂ ಆಳದ ಸುರಂಗಗಳಲ್ಲಿ ನೀರು ತುಂಬಿದ್ದರಿಂದ ಅವನ್ನು ಮುಚ್ಚಿದರು. ಮೇಲಿನ ಎರಡು ಹಂತಗಳನ್ನು ಅಗಲ ಮಾಡಿ, ಸುಣ್ಣ ಹೊಡೆದು, ದೀಪ ಹಾಕಿ ನಲವತ್ತೊಂದು ಓಣಿ ಮಾಡಿದರು. ಮೇಲಿನ ಊರಿನ ಓಣಿಗಳ ಹೆಸರನ್ನೇ ಕೆಳಗೂ ಇಟ್ಟರು. ಬೇಸಿಗೆಯ ನಾಲ್ಕು ತಿಂಗಳು ನಾಲ್ಕು ಸಾವಿರ ಜನ ಅಲ್ಲಿ ಸಂಸಾರ ಮಾಡುತ್ತಿದ್ದರು. ಅದಕ್ಕೆ ಒಳೂರು ಎನ್ನುತ್ತಿದ್ದರು.

ಒಳೂರಿನಲ್ಲಿ ನೀರಿಗಿಂತ, ದೀಪಕ್ಕಿಂತ ಮುಖ್ಯವಾದದ್ದು ಗಾಳಿ. ಗಣಿಗೆ ಇಳಿಯುವ ಹಳೆಯ ಎರಡು ಬಾವಿಗಳ ಬಾಯಲ್ಲಿ ಎರಡು ದೊಡ್ಡ ಫ್ಯಾನುಗಳಿದ್ದವು, ಒಂದು ಮೂಡಲ, ಒಂದು ಪಡುವಲ. ಅವು ಮೇಲಿನ ಗಾಳಿಯನ್ನು ನೀರಿನ ಪರದೆಯ ಮೂಲಕ ಎಳೆದು ಕೆಳಗೆ ದಬ್ಬುತ್ತಿದ್ದವು. ಗಾಳಿ ಮೊದಲು ದೊಡ್ಡ ಓಣಿಗಳಿಗೆ ಹೋಗಿ, ಅಲ್ಲಿಂದ ಸಣ್ಣ ಓಣಿಗಳಿಗೆ ಹಂಚಿಹೋಗುತ್ತಿತ್ತು. ಪ್ರತಿ ಓಣಿಯ ಬಾಯಲ್ಲಿ ಮೋಟರಿನಿಂದ ತೆರೆದು ಮುಚ್ಚುವ ಕಬ್ಬಿಣದ ಗಾಳಿಬಾಗಿಲು ಇತ್ತು. ಯಾವ ಓಣಿ ಯಾವುದರಿಂದ ಗಾಳಿ ಪಡೆಯುತ್ತದೆ ಎಂಬುದು ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಮರದ ಹಾಗೆ ಕಾಣಿಸುತ್ತಿತ್ತು. ಬುಡದಲ್ಲಿ ಎರಡು ಫ್ಯಾನು, ಅವುಗಳ ಕೆಳಗೆ ದೊಡ್ಡ ಓಣಿಗಳ ಹೆಸರು, ಆ ಹೆಸರನ್ನು ಒತ್ತಿದರೆ ಅದರೊಳಗಿನ ಸಣ್ಣ ಓಣಿಗಳು ಬಿಚ್ಚಿಕೊಳ್ಳುತ್ತಿದ್ದವು. ಎಲ್ಲಾದರೂ ಗಾಳಿ ಕೆಟ್ಟರೆ ಆ ಹೆಸರು ಕೆಂಪಾಗುತ್ತಿತ್ತು. ಮೊದಲ ವರ್ಷ ಓಣಿಗಳ ಗೋಡೆಯ ಮೇಲೂ ಗಾಳಿ ಅಳೆಯುವ ಡಬ್ಬಿಗಳು ಕೂಗುತ್ತಿದ್ದವು. ಊದುಬತ್ತಿ ಹಚ್ಚಿದರೆ ಕೂಗು, ಒಗ್ಗರಣೆ ಹಾಕಿದರೆ ಕೂಗು. ಜನ ಬೇಸತ್ತು ದೂರು ಕೊಟ್ಟ ಮೇಲೆ ಡಬ್ಬಿಗಳ ಬಾಯಿ ಕಟ್ಟಿ, ಅಳತೆ ಮಾತ್ರ ಕಂಟ್ರೋಲ್ ರೂಮಿಗೆ ಬರುವಂತೆ ಮಾಡಿದ್ದರು.

ಈ ಪ್ರೋಗ್ರಾಮ್ ಬರೆದವಳು ಪಂಪಾವತಿ. ಮೂವತ್ತೆಂಟು ವರ್ಷದವಳು, ಗಂಡ ಸೂಗೂರೇಶ ಒಳೂರಿನ ಶಾಲೆಯಲ್ಲಿ ಮಾಸ್ತರ, ಎಂಟು ವರ್ಷದ ಮಗಳು ಇಂಚರ. ಮನೆ ಕುಂಬಾರ ಓಣಿಯಲ್ಲಿ. ಮೊದಲಿಗೆ ಒಂದು ಓಣಿಯನ್ನು ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಬದಲಿಸಲು ಹದಿನಾರು ಅಂಕಿಯ ಸಂಕೇತವನ್ನು ಟೈಪ್ ಮಾಡಬೇಕಿತ್ತು. ಕಂಟ್ರೋಲ್ ರೂಮಿನ ಹಿರಿಯ ಆಪರೇಟರ್ ಹುಲಿಗೆಮ್ಮನಿಗೆ ಐವತ್ತಾರು ವರ್ಷ, ಬೆರಳಿನ ಗೆಣ್ಣುಗಳು ಬಾತುಕೊಂಡಿದ್ದವು. ಒಂದು ಅಂಕಿ ತಪ್ಪಿದರೂ ಮತ್ತೆ ಮೊದಲಿನಿಂದ. ಅವಳ ಪಾಡು ನೋಡಲಾರದೆ ಪಂಪಾವತಿ ಎರಡು ವರ್ಷದ ಹಿಂದೆ ಎಳೆದುಬಿಡುವ ವ್ಯವಸ್ಥೆ ಮಾಡಿದಳು. ಓಣಿಯ ಹೆಸರಿನ ಮೇಲೆ ಮೌಸಿನ ಗುಂಡಿ ಒತ್ತಿ ಹಿಡಿಯಬೇಕು, ಎಳೆದುಕೊಂಡು ಹೋಗಬೇಕು, ಯಾವುದರ ಕೆಳಗೆ ಬೇಕೋ ಆ ಹೆಸರಿನ ಮೇಲೆ ಬಿಡಬೇಕು. ಗಾಳಿಬಾಗಿಲುಗಳು ತಾವಾಗಿ ಅದರಂತೆ ತೆರೆದು ಮುಚ್ಚಿಕೊಳ್ಳುತ್ತಿದ್ದವು. ಎಳೆಯುತ್ತಿರುವಾಗ ಮುಚ್ಚಿದ ಹೆಸರಿನ ಮೇಲೆ ಒಂದು ಗಳಿಗೆ ನಿಂತರೆ ಅದು ತಾನೇ ಬಿಚ್ಚಿಕೊಳ್ಳುವ ಅನುಕೂಲವನ್ನೂ ಸೇರಿಸಿದ್ದಳು. ಹುಲಿಗೆಮ್ಮ ಮರುದಿನ ಶೇಂಗಾ ಹೋಳಿಗೆಯ ಡಬ್ಬಿ ತಂದು ಅವಳ ಮೇಜಿನ ಮೇಲಿಟ್ಟು, ನನ್ನ ಕೈಗೆ ಪೆನ್ಶನ್ ಕೊಟ್ಟೆಯವ್ವ ಎಂದಿದ್ದಳು.

ಆ ವಾರ ಪಂಪಾವತಿ ಒಂದು ಕೆಲಸ ಬಾಕಿ ಬಿಟ್ಟಿದ್ದಳು. ಬಿಡುವ ಜಾಗ ಸರಿಯಾದದ್ದೇ ಎಂದು ಪ್ರೋಗ್ರಾಮ್ ಕೇಳಿಕೊಳ್ಳಬೇಕಿತ್ತು. ಖಾಲಿ ಜಾಗದ ಮೇಲೆ ಬಿಟ್ಟರೆ, ಇದ್ದಲ್ಲಿಯೇ ಬಿಟ್ಟರೆ ಏನು ಮಾಡಬೇಕೆಂದು ಬರೆದಿದ್ದಳು. ಒಂದು ಓಣಿಯನ್ನು ಅದರೊಳಗಿನ ಸಣ್ಣ ಓಣಿಯ ಮೇಲೆಯೇ ಬಿಟ್ಟರೆ? ಹಾಗೆ ಯಾರು ಮಾಡುತ್ತಾರೆ ಅನ್ನಿಸಿತ್ತು. ಆಗಲೇ ಬಿಸಿಲು ಶುರುವಾಗಿ ಜನ ಇಳಿಯತೊಡಗಿದ್ದರು. ‘ಇದನ್ನು ಆಮೇಲೆ ನೋಡಬೇಕು’ ಎಂದು ಒಂದು ಸಾಲು ಬರೆದಿಟ್ಟು ಮುಂದೆ ಹೋದಳು. ಆಮೇಲೆ ನೋಡಲಿಲ್ಲ.

ಈ ವರ್ಷದ ಏಪ್ರಿಲ್ ಒಂಬತ್ತರಂದು ಮಧ್ಯಾಹ್ನ ಪಡುವಲ ಫ್ಯಾನಿನ ಬೇರಿಂಗ್ ಕರ್ರೆನ್ನತೊಡಗಿತು. ಅದನ್ನು ನಿಲ್ಲಿಸಿ ಬಿಚ್ಚಬೇಕು. ಹೊಸ ಬೇರಿಂಗ್ ಬರಲು ಹದಿನೈದು ದಿನ. ನಿಲ್ಲಿಸುವ ಮೊದಲು ಅದರ ಕೆಳಗಿನ ನಾಲ್ಕು ದೊಡ್ಡ ಓಣಿಗಳನ್ನು ಮೂಡಲ ಫ್ಯಾನಿಗೆ ಬದಲಿಸಬೇಕಿತ್ತು. ಹುಲಿಗೆಮ್ಮನದು ಅಂದು ಸತತ ಎರಡನೆಯ ಪಾಳಿ. ಅವಳ ಬದಲಿಗೆ ಬರಬೇಕಾದವನು ಬಿಸಿಲು ಬಡಿದು ದವಾಖಾನೆಯಲ್ಲಿ ಮಲಗಿದ್ದ. ಮೂರು ಓಣಿಗಳನ್ನು ಎಳೆದುಬಿಟ್ಟಳು. ನಾಲ್ಕನೆಯದು ಅಗಸಿ ಓಣಿ, ಪಟ್ಟಿಯ ಕೊನೆಯಲ್ಲಿತ್ತು. ಅದನ್ನು ಒತ್ತಿ ಹಿಡಿದು ಸ್ವಲ್ಪ ಎಳೆದಿದ್ದಳು, ಅಷ್ಟರಲ್ಲಿ ಹೆಬ್ಬೆರಳಿನ ಗೆಣ್ಣು ಚಳುಕು ಹೊಡೆದು ಕೈ ನಿಂತಿತು. ಆ ಒಂದು ಗಳಿಗೆಯಲ್ಲಿ ಅಗಸಿ ಓಣಿ ಬಿಚ್ಚಿಕೊಂಡಿತು. ಅದರೊಳಗಿನ ಆರು ಸಣ್ಣ ಓಣಿಗಳ ಹೆಸರು ಇಳಿಬಿದ್ದು ಇಡೀ ಪಟ್ಟಿ ಮೇಲಕ್ಕೆ ಸರಿಯಿತು. ಮೌಸಿನ ಬಾಣದ ತುದಿ ಇದ್ದಲ್ಲೇ ಇತ್ತು, ಅದರಡಿಯ ಹೆಸರು ಈಗ ಆ ಆರರಲ್ಲೊಂದಾದ ಕುಂಬಾರ ಓಣಿಯಾಗಿತ್ತು. ಬೆರಳು ಸಡಿಲಿತು. ‘ಬದಲಾವಣೆ ಆಯಿತು’ ಎಂದು ಸ್ಕ್ರೀನ್ ಹೇಳಿತು. ಪಡುವಲ ಫ್ಯಾನಿನ ಕೆಳಗೆ ಅಗಸಿ ಓಣಿ ಕಾಣಲಿಲ್ಲ. ಮೂಡಲದ ಉದ್ದನೆಯ ಪಟ್ಟಿಯೊಳಗೆ ಸೇರಿತು ಎಂದುಕೊಂಡು ಹುಲಿಗೆಮ್ಮ ಫ್ಯಾನು ನಿಲ್ಲಿಸಲು ಒಪ್ಪಿಗೆ ಕೊಟ್ಟಳು.

ಮರುದಿನದಿಂದ ಕುಂಬಾರ ಓಣಿಯಲ್ಲಿ ಎಲ್ಲರಿಗೂ ಆಯಾಸ.

ಅದು ರೋಗದಂತೆ ಬರಲಿಲ್ಲ. ಬೆಳಿಗ್ಗೆ ಎದ್ದಾಗ ತಲೆ ಭಾರ, ಬಿಂದಿಗೆ ಎತ್ತಿದರೆ ಏದುಸಿರು. ಪಂಪಾವತಿ ಜೋಳದ ರೊಟ್ಟಿ ಬಡಿಯುವಾಗ ನಾಲ್ಕು ರೊಟ್ಟಿಗೊಮ್ಮೆ ಕೈ ನಿಲ್ಲಿಸಿ ಕೂತುಕೊಳ್ಳುತ್ತಿದ್ದಳು. ಸೂಗೂರೇಶ ಶಾಲೆಯಿಂದ ಬಂದವನು ಅಂಗಿ ಬಿಚ್ಚದೆ ಮಲಗಿಬಿಡುತ್ತಿದ್ದ. ಇಂಚರಳನ್ನು ಎಬ್ಬಿಸಲು ಮೂರು ಸಲ ಕರೆಯಬೇಕಾಗುತ್ತಿತ್ತು. ಯಾರೂ ಜಗಳವಾಡುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ಈ ವರ್ಷದ ಬಿಸಿಲು ಮೈಯಲ್ಲಿ ಹೊಕ್ಕಿದೆ ಎಂದರು, ಕೆಲವರು ನೀರಿನ ದೋಷ ಎಂದರು. ಸಂಜೆ ಲಿಫ್ಟಿನಲ್ಲಿ ಮೇಲೆ ಹೋಗಿ ಎರಡು ತಾಸು ಕೂತು ಬಂದರೆ ತಲೆನೋವು ಇಳಿಯುತ್ತಿತ್ತು. ಬಯಲಲ್ಲಿ ಕೂತರೆ ಯಾರಿಗಾದರೂ ಹಾಯೆನಿಸುತ್ತದೆ, ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಪಂಪಾವತಿಗೂ ಕಂಟ್ರೋಲ್ ರೂಮಿಗೆ ಹೋಗಿ ಒಂದು ತಾಸಾದ ಮೇಲೆ ತಲೆ ತಿಳಿಯಾಗುತ್ತಿತ್ತು. ಕೆಲಸದ ಹುರುಪು ಎಂದುಕೊಂಡಳು. ಓಣಿಯೊಳಗಿನ ಸಣ್ಣ ಫ್ಯಾನುಗಳು ತಿರುಗುತ್ತಲೇ ಇದ್ದವು, ಗಾಳಿ ಮೈಗೆ ಸೋಕುತ್ತಲೇ ಇತ್ತು.

ಅನುಮಾನಪಟ್ಟವನು ಒಬ್ಬನೇ, ಎದುರುಮನೆಯ ಯಂಕೋಬಣ್ಣ. ಎಪ್ಪತ್ತೆಂಟು ವರ್ಷದ ಮುದುಕ. ಇದೇ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಬಂಡೆ ಕೊರೆದಿದ್ದ, ಎದೆಯಲ್ಲಿ ಕಲ್ಲಿನ ಧೂಳು ತುಂಬಿತ್ತು. ಮೂವತ್ತು ಹೆಜ್ಜೆ ನಡೆದರೆ ದಮ್ಮು ಹತ್ತುವುದರಿಂದ ಲಿಫ್ಟಿನವರೆಗೆ ಹೋಗಲಾರ. ಹಾಗಾಗಿ ಎಲ್ಲರೂ ಸಂಜೆ ಮೇಲೆ ಹೋದಾಗಲೂ ಅವನು ಬಾಗಿಲ ಮುಂದಿನ ಹೊರಸಿನ ಮೇಲೆಯೇ ಇರುತ್ತಿದ್ದ. ಮಗಳು ನರಸಮ್ಮ ಅವನನ್ನು ನೋಡಿಕೊಳ್ಳುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಪಂಪಾವತಿ ಕೆಲಸಕ್ಕೆ ಹೊರಟಾಗ ಅವನು ಕೈ ಸನ್ನೆಯಿಂದ ಕರೆದ.

“ಪಂಪವ್ವ, ಈ ಗಾಳಿ ಹಳೇದೈತಿ,” ಎಂದ. “ಒಮ್ಮಿ ನನ್ನ ಮುಂದ ಹಾದು ಹೋದದ್ದು ಮತ್ತ ತಿರುಗಿ ಬರಾಕತ್ತೈತಿ. ಹೊಸಾದು ಬರವಲ್ದು.”

ಫ್ಯಾನು ಒಂದೇ ಇರುವುದರಿಂದ ಸ್ವಲ್ಪ ಕಡಿಮೆ ಇರಬಹುದು, ಆದರೂ ನೋಡುತ್ತೇನೆ ಎಂದಳು. ಮರೆಯಲಿಲ್ಲ, ಹೋದವಳೇ ನೋಡಿದಳು. ಸ್ಕ್ರೀನಿನ ಮೇಲೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಹೆಸರುಗಳೂ ಹಸಿರು, ಒಂದೂ ಕೆಂಪಿಲ್ಲ. ಅಗಸಿ ಓಣಿ ಎಂಬ ಹೆಸರನ್ನೇ ಹುಡುಕಿ ನೋಡಬೇಕೆಂದು ಹೊಳೆಯಲಿಲ್ಲ. ಕೆಂಪು ಇದೆಯೇ ಎಂದಷ್ಟೇ ನೋಡಿದಳು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಒಟ್ಟು ಓಣಿ: 34’ ಎಂದಿತ್ತು. ಅದನ್ನು ಅವಳೇ ಬರೆದದ್ದು, ಯಾರೂ ಎಂದೂ ಓದುತ್ತಿರಲಿಲ್ಲ, ಅವಳೂ ಓದಲಿಲ್ಲ. ಸಂಜೆ ಬಂದು ಯಂಕೋಬಣ್ಣನಿಗೆ ಎಲ್ಲ ಹಸಿರೇ ಇದೆ ಕಾಕಾ, ಚಿಂತಿ ಮಾಡಬ್ಯಾಡ್ರಿ ಎಂದು ಹೇಳಿದಳು. ಅವನು, ನೀ ಓದಿದಾಕಿ, ನಿನಗ ಗೊತ್ತಿರತೈತಿ ಎಂದು ಮಗ್ಗುಲು ಹೊರಳಿದ.

ಒಂಬತ್ತನೆಯ ದಿನ ಮುಂಜಾನೆ ನರಸಮ್ಮ ಚಹಾ ತಂದು ಎಬ್ಬಿಸಿದರೆ ಅವನು ಏಳಲಿಲ್ಲ. ವಯಸ್ಸಾಗಿತ್ತು, ಎದೆ ಕೆಟ್ಟಿತ್ತು, ನಿದ್ದೆಯಲ್ಲೇ ಹೋಗಿದ್ದ. ಯಾರಿಗೂ ಆಶ್ಚರ್ಯವಾಗಲಿಲ್ಲ. ಬಿಸಿಲು ಏರುವ ಮೊದಲೇ ಮಣ್ಣು ಮಾಡಬೇಕೆಂದು ಓಣಿಯ ಗಂಡಸರು ಅವನನ್ನು ಲಿಫ್ಟಿನವರೆಗೆ ಹೊತ್ತರು. ಹೊರುವವರು ನಡುವೆ ನಾಲ್ಕು ಸಲ ಇಳಿಸಿ ದಣಿವಾರಿಸಿಕೊಂಡರು. ಹಗುರವಾದ ಮುದುಕ ಇಷ್ಟೊಂದು ಭಾರವಾದನೇ ಎಂದು ಒಬ್ಬ ಅಂದ. ಸೂಗೂರೇಶನೂ ಹೆಗಲು ಕೊಟ್ಟು ಬಂದು, ಆ ದಿನ ಶಾಲೆಗೆ ಹೋಗದೆ ಸಂಜೆಯವರೆಗೆ ಮಲಗಿದ.

ಹನ್ನೊಂದನೆಯ ದಿನ ಬೆಳಿಗ್ಗೆ ಮೂವರೂ ಒಟ್ಟಿಗೆ ಮನೆ ಬಿಟ್ಟರು. ಶಾಲೆ ಮೂಡಲ ಕಡೆಗಿತ್ತು, ಕಂಟ್ರೋಲ್ ರೂಮೂ ಅದೇ ದಾರಿಯಲ್ಲಿ. ಸೂಗೂರೇಶ ಮುಖ್ಯಗುರುಗಳ ಮೇಲೆ ಬೇಸರ ಹೇಳಿಕೊಳ್ಳುತ್ತ ನಡೆಯುತ್ತಿದ್ದ. ತರಗತಿಯಲ್ಲಿ ಮಕ್ಕಳು ನಿದ್ದೆ ಹೋಗುತ್ತಿವೆ, ಮಾಸ್ತರು ಪಾಠ ಸರಿಯಾಗಿ ಮಾಡುತ್ತಿಲ್ಲ ಎಂದು ಅವರು ಬೈದಿದ್ದರಂತೆ. ಅದಕ್ಕೆ ಅವನು ಯಾರು ಯಾವಾಗ ನಿದ್ದೆ ಹೋಗುತ್ತಾರೆ ಎಂದು ಹಾಜರಿ ಪುಸ್ತಕದ ಹಿಂದೆ ಬರೆದಿಟ್ಟಿದ್ದ. ಮೂವತ್ತೊಂದು ಮಕ್ಕಳಲ್ಲಿ ಎಂಟು, ಮೊದಲ ಪಿರಿಯಡ್‌ನಲ್ಲಿ. ಮಧ್ಯಾಹ್ನದ ಹೊತ್ತಿಗೆ ಆ ಎಂಟೂ ಚುರುಕಾಗುತ್ತಿದ್ದವು. ಅವುಗಳಲ್ಲಿ ಇಂಚರಳೂ ಒಬ್ಬಳು.

ಯಾವ ಯಾವ ಓಣಿಯವರು ಎಂದು ಪಂಪಾವತಿ ಸುಮ್ಮನೆ ಕೇಳಿದಳು. ಅವನು ಹೆಸರು ಹೇಳಿದ: ಕುಂಬಾರ ಓಣಿಯ ಮೂವರು, ಗಾಣಿಗೇರ ಓಣಿಯ ಇಬ್ಬರು, ಜಿನಗಾರ ಓಣಿಯ ಇಬ್ಬರು, ಅಗಸಿಯಿಂದ ಒಬ್ಬ.

“ಮೂಡಲ ಕಡಿ ಹುಡುಗರು?”

“ಒಬ್ಬರೂ ಇಲ್ಲ. ಅವು ಮುಂಜಾನಿಂದ ಗದ್ದಲ ಮಾಡತಾವ.”

ಅವನು ಹೇಳಿದ ಓಣಿಗಳೆಲ್ಲ ಅಗಸಿ ಓಣಿಯ ಮೂಲಕ ಗಾಳಿ ಪಡೆಯುವವೇ. ಅವಳು ನಿಂತಳು. ಮಗಳ ಕೈ ಬಿಟ್ಟು, ಇಕಿನ್ನ ಸಾಲಿಗೆ ಕರ್ಕೊಂಡು ಹೋಗ್ರಿ, ಮನಿಗೆ ಮಾತ್ರ ಹೋಗಬ್ಯಾಡ್ರಿ ಎಂದಳು. ಯಾಕೆ ಎಂದು ಅವನು ಕೇಳುವಷ್ಟರಲ್ಲಿ ಅವಳು ಓಡುತ್ತಿದ್ದಳು. ಐವತ್ತು ಹೆಜ್ಜೆಗೆ ಉಸಿರು ಕಟ್ಟಿ ಗೋಡೆ ಹಿಡಿದಳು, ಆಮೇಲೆ ನಡೆದೇ ಹೋದಳು.

ಕಂಟ್ರೋಲ್ ರೂಮಿನಲ್ಲಿ ಹುಲಿಗೆಮ್ಮ ಒಬ್ಬಳೇ ಇದ್ದಳು. ಪಂಪಾವತಿ ಅವಳ ಪಕ್ಕ ಬಗ್ಗಿ ಮೂಡಲ ಫ್ಯಾನಿನ ಪಟ್ಟಿ ಬಿಚ್ಚಿದಳು. ಅಗಸಿ ಓಣಿ ಇರಲಿಲ್ಲ. ಪಡುವಲದ ಕೆಳಗೂ ಇರಲಿಲ್ಲ. ಒಂದೊಂದೇ ಹೆಸರನ್ನು ಬೆರಳಿಟ್ಟು ಓದಿದಳು. ಆಗ ಮೂಲೆಯ ಮೂವತ್ನಾಲ್ಕು ಕಣ್ಣಿಗೆ ಬಿತ್ತು. ಏಳು ಓಣಿ ಮರದಲ್ಲೇ ಇಲ್ಲ. ಮರವನ್ನು ಬಿಟ್ಟು, ಅದರ ಹಿಂದಿನ ಮಾಹಿತಿ ಕೋಷ್ಟಕ ತೆರೆದಳು. ಅಗಸಿ ಓಣಿ ಗಾಳಿ ಪಡೆಯುವುದು ಕುಂಬಾರ ಓಣಿಯಿಂದ. ಕುಂಬಾರ ಓಣಿ ಗಾಳಿ ಪಡೆಯುವುದು ಅಗಸಿ ಓಣಿಯಿಂದ.

ಎರಡು ಸಲ ಓದಿದ ಮೇಲೆ ಪೂರ್ತಿ ಅರ್ಥವಾಯಿತು. ಪ್ರೋಗ್ರಾಮ್ ಹೇಳಿದಂತೆ ಗಾಳಿಬಾಗಿಲುಗಳು ನಡೆದುಕೊಂಡಿದ್ದವು. ಫ್ಯಾನಿನ ಕಡೆಯ ಬಾಗಿಲು ಮುಚ್ಚಿ, ಕುಂಬಾರ ಓಣಿಯ ಹಿಂಬದಿಯಿಂದ ಅಗಸಿ ಓಣಿಗೆ ಹೋಗುವ ಬಾಗಿಲು ತೆರೆದಿತ್ತು. ಏಳು ಓಣಿಗಳ ಆರುನೂರ ನಲವತ್ತು ಜನ ಹನ್ನೊಂದು ದಿನದಿಂದ ತಾವು ಬಿಟ್ಟ ಉಸಿರನ್ನೇ ತಿರುತಿರುಗಿ ಎಳೆದುಕೊಳ್ಳುತ್ತಿದ್ದರು. ಹಳೆಯ ಬಂಡೆಯ ಬಿರುಕುಗಳಿಂದ, ಜನ ಓಡಾಡುವ ಬಾಗಿಲಿನಿಂದ ಒಂದಿಷ್ಟು ಹೊಸ ಗಾಳಿ ನುಸುಳುತ್ತಿದ್ದುದರಿಂದ ಬದುಕಿದ್ದರು. ಮರವನ್ನು ಬುಡದಿಂದ ಚಿತ್ರಿಸುತ್ತ ಹೋಗುವ ಪ್ರೋಗ್ರಾಮಿಗೆ ಬುಡದ ನಂಟು ಕಳೆದುಕೊಂಡ ಕೊಂಬೆ ಕಾಣಿಸಲೇ ಇಲ್ಲ. ಕಾಣಿಸದ್ದರ ಅಳತೆಯನ್ನು ಅದು ಕೇಳಲಿಲ್ಲ. ಹಾಗಾಗಿ ಕೆಂಪಾಗಲು ಹೆಸರೇ ಉಳಿದಿರಲಿಲ್ಲ.

ಕುಂಬಾರ ಓಣಿಯ ಗಾಳಿ ಅಳೆಯುವ ಡಬ್ಬಿಯನ್ನು ನೇರವಾಗಿ ಕೇಳಿದಳು. ಇಂಗಾಲದ ಡೈಆಕ್ಸೈಡ್ ನೂರಕ್ಕೆ ಮೂರೂವರೆ. ಮೇಲಿನ ಗಾಳಿಯಲ್ಲಿ ಇರುವುದರ ಎಪ್ಪತ್ತು ಪಟ್ಟು.

ಮೌಸನ್ನು ಮುಟ್ಟಲಿಲ್ಲ. ಹಳೆಯ ಹದಿನಾರು ಅಂಕಿಗಳನ್ನು ಟೈಪ್ ಮಾಡಿದಳು. ಅವಸರದಲ್ಲಿ ಒಂದು ಅಂಕಿ ತಪ್ಪಿತು. ಎರಡನೆಯ ಸಲ ಸರಿಹೋಯಿತು. ಬಾಗಿಲು ತೆರೆಯಲು ನಾಲ್ಕು ನಿಮಿಷ. ಅಷ್ಟರೊಳಗೆ ಹುಲಿಗೆಮ್ಮನಿಗೆ ಧ್ವನಿವರ್ಧಕದಲ್ಲಿ ಜನರನ್ನು ಹೊರಗೆ ಕರೆಯಲು ಹೇಳಿದಳು. ಹುಲಿಗೆಮ್ಮ ಯಾಕೆ ಎಂದು ಕೇಳಲಿಲ್ಲ. ದಿನವೂ ನೀರು ಬಿಡುವ ಹೊತ್ತನ್ನು ಹೇಳುವ ಧ್ವನಿಯಲ್ಲೇ, ಅಗಸಿ ಓಣಿ ಮತ್ತು ಅದಕ್ಕೆ ಸೇರಿದ ಆರು ಓಣಿಯವರು ಎಲ್ಲರೂ ಮೂಡಲ ಚೌಕಕ್ಕೆ ಬರಬೇಕು, ನಿಧಾನವಾಗಿ ಬರಬೇಕು, ವಯಸ್ಸಾದವರನ್ನು ಕರೆದುಕೊಂಡು ಬರಬೇಕು ಎಂದು ಮೂರು ಸಲ ಹೇಳಿದಳು. ಜನ ಬಂದರು. ಕೆಲವರು ಗೋಡೆ ಹಿಡಿದು ಬಂದರು, ಕೆಲವರನ್ನು ಹೊರಸಿನ ಮೇಲೆ ತಂದರು. ಹನ್ನೊಂದು ಜನರನ್ನು ದವಾಖಾನೆಗೆ ಸೇರಿಸಬೇಕಾಯಿತು. ಆ ದಿನ ಯಾರೂ ಸಾಯಲಿಲ್ಲ. ಚೌಕದಲ್ಲಿ ಕೂತು ಒಂದು ತಾಸಾದ ಮೇಲೆ ಹೆಂಗಸರ ನಡುವೆ ಸಣ್ಣದೊಂದು ಜಗಳ ಹತ್ತಿಕೊಂಡಿತು. ಪಂಪಾವತಿ ಅದನ್ನು ದೂರದಿಂದ ಕೇಳಿ ಕಣ್ಣು ಒರೆಸಿಕೊಂಡಳು.

ಮಧ್ಯಾಹ್ನ ಹುಲಿಗೆಮ್ಮ ಏನಾಗಿತ್ತು ಎಂದು ಕೇಳಿದಳು. ಪಂಪಾವತಿ ಏಪ್ರಿಲ್ ಒಂಬತ್ತರ ದಾಖಲೆ ತೆಗೆದು ತೋರಿಸಿದಳು: ಎರಡು ಗಂಟೆ ನಲವತ್ತು ನಿಮಿಷ, ಅಗಸಿ ಓಣಿ, ಕುಂಬಾರ ಓಣಿಯ ಕೆಳಗೆ, ಬದಲಿಸಿದವರು ಹುಲಿಗೆಮ್ಮ. ಹುಲಿಗೆಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತನ್ನ ಹೆಸರನ್ನು ಓದಿದಳು. ಆಮೇಲೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಪಾಳಿ ಮುಗಿಯುವವರೆಗೆ ಎಡಗೈಯಿಂದಲೇ ಕೆಲಸ ಮಾಡಿದಳು.

ಒಳೂರಿನ ಮೇಲ್ವಿಚಾರಣೆಯ ಇಂಜಿನಿಯರು ಜಹಗೀರದಾರ ಸಾಹೇಬರು ಎರಡು ದಿನದಲ್ಲಿ ವರದಿ ಸಿದ್ಧಮಾಡಿದರು. ಆಪರೇಟರ್ ಕೈತಪ್ಪಿನಿಂದ ಗಾಳಿಯ ದಾರಿ ಬದಲಾಯಿತು, ಹನ್ನೊಂದು ದಿನಗಳ ನಂತರ ಸರಿಪಡಿಸಲಾಯಿತು ಎಂಬಷ್ಟೇ ಅದರಲ್ಲಿತ್ತು. ಯಂಕೋಬಣ್ಣನ ಹೆಸರಿರಲಿಲ್ಲ. ಅವನು ವಯೋಸಹಜವಾಗಿ ತೀರಿಕೊಂಡವನು. ಹುಲಿಗೆಮ್ಮ ಆಗಲೇ ಸಹಿ ಮಾಡಿದ್ದಳು. ಪಂಪಾವತಿ ಸಹಿ ಮಾಡದೆ ಅವರ ಕೋಣೆಗೆ ಹೋದಳು. ಕೈ ತಪ್ಪುವುದು ಕೈಯ ಸ್ವಭಾವ, ತಪ್ಪಿದ್ದನ್ನು ಒಪ್ಪಿಕೊಂಡದ್ದು ತನ್ನ ಪ್ರೋಗ್ರಾಮ್ ಎಂದಳು. ಎರಡು ವರ್ಷದ ಹಿಂದೆ ಬರೆದಿಟ್ಟ ‘ಆಮೇಲೆ ನೋಡಬೇಕು’ ಎಂಬ ಸಾಲನ್ನು ಮುದ್ರಿಸಿ ತಂದಿದ್ದಳು, ಅದನ್ನು ಮೇಜಿನ ಮೇಲಿಟ್ಟಳು.

ಜಹಗೀರದಾರರು ಕೆಟ್ಟ ಮನುಷ್ಯರಲ್ಲ. ಅವರಿಗೂ ಎರಡು ದಿನದಿಂದ ನಿದ್ದೆ ಇರಲಿಲ್ಲ. ಅವರು ಕಾಗದವನ್ನು ಓದಿದರು. ಇದೇ ಪ್ರೋಗ್ರಾಮ್ ಬೇರೆ ಹನ್ನೆರಡು ಊರಿನ ಒಳೂರುಗಳಲ್ಲೂ ನಡೆಯುತ್ತಿದೆ, ತಪ್ಪು ಪ್ರೋಗ್ರಾಮಿನದು ಎಂದು ಬರೆದರೆ ಮೇಲಿನವರು ಎಲ್ಲ ಕಡೆ ಅದನ್ನು ನಿಲ್ಲಿಸುತ್ತಾರೆ ಎಂದು ವಿವರಿಸಿದರು.

“ಹೊರಗ ಐವತ್ತೆರಡು ಡಿಗ್ರಿ ಐತಿ,” ಎಂದರು. “ಐವತ್ತು ಸಾವಿರ ಮಂದಿನ್ನ ಮ್ಯಾಲ ಕಳಸಾಕ ನಿನ್ನ ಸಹಿ ಸಾಕು. ಮಾಡ್ತೀಯೇನು?”

ನಿಲ್ಲಿಸಬೇಕಾಗಿಲ್ಲ ಎಂದಳು. ಎಳೆದುಬಿಡುವುದನ್ನು ಮಾತ್ರ ನಿಲ್ಲಿಸಿ, ಹಳೆಯ ಹಾಗೆ ಅಂಕಿ ಟೈಪ್ ಮಾಡಲಿ. ಪ್ರತಿ ಊರಿನವರು ಓಣಿಗಳನ್ನು ಕೈಯಿಂದ ಎಣಿಸಿ ನೋಡಲಿ. ಯಾಕೆ ಎಂದು ಹೇಳದೆ ಎಣಿಸಿ ಎಂದರೆ ಯಾರೂ ಎಣಿಸುವುದಿಲ್ಲ, ಅದಕ್ಕೇ ಬರೆಯಬೇಕು. ನೋಡೋಣ ಎಂದು ಅವರು ಕಾಗದವನ್ನು ಡ್ರಾಯರಿನಲ್ಲಿಟ್ಟರು. ಅವಳು ಹೊರಗೆ ಬಂದು ಹನ್ನೆರಡು ಊರಿಗೂ ತನ್ನ ಹೆಸರಿನಲ್ಲೇ ಪತ್ರ ಕಳಿಸಿದಳು.

ಹುಲಿಗೆಮ್ಮನಿಗೆ ಈ ಸುದ್ದಿ ಹೇಳಲು ಹೋದಾಗ ಅವಳು ಬಟ್ಟೆ ಮಡಿಸುತ್ತಿದ್ದಳು. ಪತ್ರದಲ್ಲಿ ಏನು ಬರೆದಿದ್ದೇನೆಂದು ಪಂಪಾವತಿ ಓದಿ ಹೇಳಿದಳು. ನಿನಗ್ಯಾಕವ್ವ ಇದೆಲ್ಲ, ಸಣ್ಣ ವಯಸ್ಸು, ನೌಕರಿ ಹೋದೀತು ಎಂದಳು ಹುಲಿಗೆಮ್ಮ.

“ನೀವು ಎಳದದ್ದು ಖರೆ ಅಕ್ಕಾ. ಆದ್ರ ಅದು ಬ್ಯಾಡ ಅನ್ನಬೇಕಿತ್ತು. ಬ್ಯಾಡ ಅನ್ನೂದನ್ನ ನಾ ಅದಕ್ಕ ಕಲಿಸಿರಲಿಲ್ಲ.”

ಹುಲಿಗೆಮ್ಮ ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ತನಗೆ ಈಗ ಮೌಸು ಹಿಡಿದರೆ ಬೆರಳು ಬಿಡಲು ಬರುವುದಿಲ್ಲ, ಗುಂಡಿ ಒತ್ತಿದ್ದು ಒತ್ತಿದಂತೆಯೇ ಇರುತ್ತದೆ ಎಂದಳು. ಆ ತಿಂಗಳ ಕೊನೆಗೆ ಅವಳು ಕೆಲಸ ಬಿಟ್ಟಳು. ಯಾರೂ ಬಿಡಿಸಲಿಲ್ಲ, ತಾನಾಗಿಯೇ ಬಿಟ್ಟಳು.

ಪಂಪಾವತಿ ಬರೆಯಬೇಕಾಗಿದ್ದದ್ದು ಐದು ಸಾಲು. ಹೆಸರನ್ನು ಬಿಡುವ ಮೊದಲು, ಬಿಡುವ ಜಾಗದಿಂದ ಹೊರಟು ಅದರ ಮೇಲಿನದು ಯಾವುದು, ಅದರ ಮೇಲಿನದು ಯಾವುದು ಎಂದು ಬುಡದವರೆಗೆ ಕೇಳುತ್ತ ಹೋಗಬೇಕು. ದಾರಿಯಲ್ಲಿ ಎಲ್ಲಿಯಾದರೂ ಎಳೆದ ಹೆಸರೇ ಸಿಕ್ಕಿದರೆ ಬಿಡಲು ಒಪ್ಪಬಾರದು. ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಬುಡಕ್ಕೆ ಸೇರದ ಓಣಿ ಇದ್ದರೆ ಅದರ ಹೆಸರನ್ನು ಎಲ್ಲಕ್ಕಿಂತ ಮೇಲೆ ಕೆಂಪಾಗಿ ತೋರಿಸುವ ಇನ್ನೊಂದು ಭಾಗವನ್ನೂ ಬರೆದಳು. ಸಾವಿರ ಸಲ ತಪ್ಪಾಗಿ ಎಳೆದು ಪರೀಕ್ಷೆ ಮಾಡಿದಳು. ಸಾವಿರ ಸಲವೂ ಅದು ಬೇಡ ಎಂದಿತು. ಆಮೇಲೂ ಎರಡು ದಿನ ಎಳೆಯುತ್ತ ಕೂತಿದ್ದಳು. ಸೂಗೂರೇಶ ಬಂದು ಕೈ ಹಿಡಿದು ಎಬ್ಬಿಸಿಕೊಂಡು ಹೋದ.

ಹನ್ನೆರಡು ಊರುಗಳಲ್ಲಿ ಹತ್ತು ಉತ್ತರ ಬರೆದವು, ಎಲ್ಲ ಸರಿಯಿದೆ ಎಂದು. ಒಂದು ಊರು ಉತ್ತರ ಕೊಡಲೇ ಇಲ್ಲ. ಇನ್ನೊಂದು ಊರಿನಲ್ಲಿ ಎಣಿಸಿ ನೋಡಿದಾಗ ಎರಡು ಓಣಿ ಕಡಿಮೆ ಬಂದವಂತೆ. ಹೋಗಿ ಬಾಗಿಲು ತೆಗೆದರೆ ಅಲ್ಲಿ ಮನುಷ್ಯರಿರಲಿಲ್ಲ, ಉಳ್ಳಾಗಡ್ಡಿಯ ಚೀಲಗಳಿದ್ದವು. ಎರಡು ತಿಂಗಳಿಂದ ಆ ಗಾಳಿ ಅಲ್ಲಿಯೇ ಸುತ್ತುತ್ತಿತ್ತು. ಮುಂದಿನ ವಾರ ಆ ಓಣಿಗಳಿಗೆ ಬಾಣಂತಿಯರನ್ನು ತಂದಿಡುವವರಿದ್ದರಂತೆ. ಪತ್ರ ಬರೆದವರು ಇದನ್ನು ಕೊನೆಯ ಸಾಲಿನಲ್ಲಿ, ಬೇರೆ ವಿಷಯ ಎಂಬಂತೆ ಬರೆದಿದ್ದರು.

ವರದಿ ಕೊನೆಗೆ ಹೇಗೆ ಹೋಯಿತೋ ಪಂಪಾವತಿಗೆ ತಿಳಿಯಲಿಲ್ಲ. ಜಹಗೀರದಾರರು ಒಂದು ದಿನ ಕರೆದು, ಪ್ರೋಗ್ರಾಮಿನ ಕೆಲಸ ಇನ್ನು ಬೇರೆಯವರು ನೋಡುತ್ತಾರೆ, ನೀನು ಓಣಿಗಳಲ್ಲಿ ತಿರುಗಿ ಗಾಳಿ ಅಳೆದು ಬರೆದುಕೊಂಡು ಬರಬೇಕು ಎಂದರು. ಸ್ಕ್ರೀನನ್ನು ನಂಬಲು ಜನ ಈಗ ತಯಾರಿಲ್ಲ, ಕಣ್ಣೆದುರು ಒಬ್ಬರು ಅಳೆಯಬೇಕು ಎಂದು ಕಾರಣ ಹೇಳಿದರು. ಅದು ಶಿಕ್ಷೆಯೋ ಅಲ್ಲವೋ ಅವಳು ಕೇಳಲಿಲ್ಲ. ಮರುದಿನ ಕೈಯಲ್ಲಿ ಹಿಡಿಯುವ ಮೀಟರು ತೆಗೆದುಕೊಂಡು ಹೊರಟಳು. ದಿನಕ್ಕೆ ಎರಡು ಸುತ್ತು, ನಲವತ್ತೊಂದು ಓಣಿ. ಗಾಳಿ ಸರಿಯಾಗಿತ್ತು, ಕುಂಬಾರ ಓಣಿಯಲ್ಲಿ ಮಕ್ಕಳು ಮತ್ತೆ ಓಡಾಡುತ್ತಿದ್ದವು, ಆದರೂ ಅವಳ ಮೈಯಿಂದ ಆಯಾಸ ಇಳಿದಿರಲಿಲ್ಲ.

ನರಸಮ್ಮನ ಬಾಗಿಲ ಮುಂದೆ ಅವಳು ಆರು ದಿನ ಅಳತೆ ಬರೆದುಕೊಂಡು ಹಾಗೆಯೇ ಮುಂದೆ ಹೋದಳು. ಏಳನೆಯ ದಿನ ಒಳಗೆ ಹೋದಳು.

ನರಸಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಪಂಪಾವತಿ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಪ್ರೋಗ್ರಾಮಿನಲ್ಲಿ ಏನು ಬಿಟ್ಟಿದ್ದಳು, ಓಣಿಗಳು ಹೇಗೆ ಕಾಣೆಯಾದವು, ಗಾಳಿ ಹೇಗೆ ಸುತ್ತಿತು. ನಿಮ್ಮಪ್ಪ ಗಾಳಿ ಹಳೆಯದು ಎಂದು ನನಗೆ ಹೇಳಿದ್ದರು, ನಾನು ನೋಡಿ ಹಸಿರಿದೆ ಎಂದು ಬಂದು ಹೇಳಿದೆ, ಅವರು ನನ್ನ ಮಾತು ನಂಬಿದರು ಎಂದಳು. ಆ ಗಾಳಿಯಿಂದಲೇ ಹೋದರೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಅಂಥ ಎದೆ ಇರುವವರಿಗೆ ಆ ಗಾಳಿಯಲ್ಲಿ ಒಂಬತ್ತು ದಿನ ಬಹಳವಾಯಿತು. ಅದನ್ನೂ ಹೇಳಿದಳು.

ನರಸಮ್ಮ ಮೊರ ಕೆಳಗಿಟ್ಟಳು. ಸಿಟ್ಟಾಗಲಿಲ್ಲ, ಅಳಲಿಲ್ಲ. ಸಂಕಟ ಆಗಿತ್ತೇನು ಅವರಿಗೆ ಎಂದು ಕೇಳಿದಳು. ಇರಲಿಕ್ಕಿಲ್ಲ, ಬರೀ ನಿದ್ದೆ ಬರುತ್ತದೆ, ತಡೆಯಲಾರದಷ್ಟು ನಿದ್ದೆ ಎಂದಳು ಪಂಪಾವತಿ.

“ನಮ್ಮಪ್ಪ ಗಣಿ ಬಿಟ್ಟಾಗಿಂದ ಒಂದು ದಿನ ನೆಟ್ಟಗ ನಿದ್ದಿ ಮಾಡಿರಲಿಲ್ಲ,” ಎಂದಳು ನರಸಮ್ಮ. “ಕೆಮ್ಮಿಕೋತ ಕುಂದ್ರತಿದ್ದ. ಕಡೀಕ ಎಂಟು ದಿನ ಮಾತ್ರ ಕೂಸಿನಂಗ ಮಲಗಿದ. ಬಂದು ಮಾತಾಡಿಸಿದವರಿಗೆಲ್ಲ ನಾ ಅದನ್ನ ಹೇಳೀನಿ. ನಮ್ಮಪ್ಪ ಕಡೀಕರ ನಿದ್ದಿ ಮಾಡಿ ಹೋದ, ದೇವರು ಕೊಟ್ಟ ಅಂತ. ಅದೊಂದು ಮಾತು ಹಿಡಕೊಂಡು ಕುಂತಿದ್ನಿ. ಈಗ ಏನಂತ ಹೇಳ್ಲಿ?”

ಪಂಪಾವತಿ ಕೈಯಲ್ಲಿದ್ದ ಅಳತೆಯ ಪುಸ್ತಕ ಮುಚ್ಚಿದಳು.

“ನನ್ನ ಹೆಸರು ಹೇಳ್ರಿ,” ಎಂದಳು.

ನರಸಮ್ಮ ಅವಳನ್ನು ನೋಡಿದಳು. ಆಮೇಲೆ ಮೊರ ಎತ್ತಿಕೊಂಡು, ಬೆಳಕು ಬೀಳುವ ಕಡೆಗೆ ತಿರುಗಿ ಕೂತು ಕಲ್ಲು ಆರಿಸತೊಡಗಿದಳು. ಪಂಪಾವತಿ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದಳು. ಗಾಣಿಗೇರ ಓಣಿ, ಜಿನಗಾರ ಓಣಿ ಇನ್ನೂ ಬಾಕಿ ಇದ್ದವು. ಅಳತೆಯ ಪುಸ್ತಕ ಬಗಲಿಗಿಟ್ಟುಕೊಂಡು ಹೊರಗೆ ಬಂದಳು.